ಹಳೆಯದು ನಿಲ್ಲುವ ದಿನ

ಕೇಳುಗರಿಗೆ ನಮಸ್ಕಾರ.

1967ರ ಸೆಪ್ಟೆಂಬರ್ 3, ಭಾನುವಾರ. ಸ್ವೀಡನ್ ದೇಶದಲ್ಲಿ ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತವು. ಮೆಲ್ಲಗೆ ಎಡಬದಿಯಿಂದ ಬಲಬದಿಗೆ ಸರಿದು ಮತ್ತೆ ನಿಂತವು. 5 ಗಂಟೆಗೆ ಸರಿಯಾಗಿ ಹೊರಟವು. ಅಲ್ಲಿಂದ ಮುಂದೆ ಆ ದೇಶದ ಸಂಚಾರವೆಲ್ಲ ರಸ್ತೆಯ ಬಲಬದಿಯಲ್ಲೇ. 1955ರಲ್ಲಿ ಇದೇ ವಿಷಯಕ್ಕೆ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಶೇಕಡಾ 83ರಷ್ಟು ಮಂದಿ ಬೇಡ ಎಂದಿದ್ದರು. 1963ರಲ್ಲಿ ಅಲ್ಲಿನ ಸಂಸತ್ತು ಬದಲಾವಣೆಗೆ ಒಪ್ಪಿಗೆ ಕೊಟ್ಟಿತು. ಆಮೇಲಿನ ನಾಲ್ಕು ವರ್ಷ ಹೋದದ್ದು ತಯಾರಿಗೆ. ಸುಮಾರು 3,60,000 ರಸ್ತೆ ಫಲಕಗಳನ್ನು ಬದಲಿಸಬೇಕಿತ್ತು. ಬಸ್ಸುಗಳ ಬಾಗಿಲನ್ನು ಇನ್ನೊಂದು ಮಗ್ಗುಲಿಗೆ ತರಬೇಕಿತ್ತು. ಹೊಸ ಸಿಗ್ನಲ್ ದೀಪಗಳನ್ನು ಮೊದಲೇ ನೆಟ್ಟು, ಆ ದಿನ ಬರುವವರೆಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು. ಬದಲಾದ ಮೇಲೆ ಮೊದಮೊದಲು ವೇಗಮಿತಿಯನ್ನೂ ಇಳಿಸಿದ್ದರು.

ಸಂಸ್ಥೆ ನಡೆಸುವವರು ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಒಂದು. ಹೊಸದು ಶುರುವಾಗುವ ಗಳಿಗೆಯ ಜೊತೆಗೆ ಹಳೆಯದು ನಿಲ್ಲುವ ಗಳಿಗೆಯೂ ನಿಗದಿಯಾಗಿತ್ತು. ರಸ್ತೆಯಲ್ಲಿ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಹೋದರೆ ಏನಾಗುತ್ತದೆಂದು ಮಕ್ಕಳಿಗೂ ಗೊತ್ತು. ಕಚೇರಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಮಾತ್ರ ಎರಡು ಪದ್ಧತಿಗಳನ್ನು ತಿಂಗಳುಗಟ್ಟಲೆ ಒಟ್ಟಿಗೆ ಓಡಿಸುತ್ತೇವೆ. ಹೊಸ ಸಾಫ್ಟ್‌ವೇರ್ ಬಂದಿರುತ್ತದೆ, ಹಳೆಯ ವರದಿಯನ್ನೂ ಕಳಿಸಬೇಕು. ಹೊಸ ತಂಡ ರಚನೆಯಾಗಿರುತ್ತದೆ, ಹಳೆಯ ಸಮಿತಿಯ ಸಭೆ ತಪ್ಪುವುದಿಲ್ಲ. ಸಿಬ್ಬಂದಿ ಒಂದೇ ಸಂಬಳಕ್ಕೆ ಎರಡು ಸಂಸ್ಥೆಗಳ ಕೆಲಸ ಮಾಡುತ್ತಾರೆ. ಇದರಿಂದ ಸುಸ್ತಾದವರನ್ನು ಮೇಲಿನವರು ‘ಬದಲಾವಣೆಗೆ ವಿರೋಧಿಗಳು’ ಎಂದು ಕರೆಯುವುದು ದೊಡ್ಡ ಅನ್ಯಾಯ.

ಆದ್ದರಿಂದ ಮೊದಲ ಕೆಲಸ ಒಂದು ಪುಟದ ಟಿಪ್ಪಣಿ. ಏನು ಬದಲಾಗುತ್ತದೆ, ಏಕೆ, ಯಾವತ್ತಿನಿಂದ, ಹಳೆಯದು ಯಾವತ್ತು ಮುಚ್ಚುತ್ತದೆ, ಅನುಮಾನ ಬಂದರೆ ಯಾರನ್ನು ಕೇಳಬೇಕು. ಇಷ್ಟರ ಜೊತೆಗೆ ಏನು ಬದಲಾಗುವುದಿಲ್ಲ ಎಂಬುದನ್ನೂ ಬರೆಯಬೇಕು. ಜನ ಮೊದಲು ಹುಡುಕುವುದು ಆ ಸಾಲನ್ನೇ: ನನ್ನ ಕೆಲಸ ಉಳಿಯುತ್ತದೆಯೇ, ನನ್ನ ಪಾಳಿ, ನನ್ನ ಮೇಲಧಿಕಾರಿ ಅದೇ ಇರುತ್ತಾರೆಯೇ. ಉತ್ತರ ಇನ್ನೂ ತೀರ್ಮಾನವಾಗಿಲ್ಲದಿದ್ದರೆ, ಯಾವ ತಾರೀಖಿಗೆ ತೀರ್ಮಾನವಾಗುತ್ತದೆ ಎಂದಾದರೂ ಹೇಳಿ. ‘ಎಲ್ಲ ಸರಿಹೋಗುತ್ತೆ’ ಎಂಬ ಮಾತಿನಿಂದ ಗಾಳಿಸುದ್ದಿ ನಿಲ್ಲುವುದಿಲ್ಲ, ತಾರೀಖಿನಿಂದ ನಿಲ್ಲುತ್ತದೆ.

ಸುದ್ದಿ ತಲುಪುವ ಕ್ರಮವೂ ಮುಖ್ಯ. ಮೇಲ್ವಿಚಾರಕರಿಗೆ ಒಂದು ದಿನ ಮುಂಚೆ ತಿಳಿಸಿ, ಅವರ ಪ್ರಶ್ನೆಗಳನ್ನೆಲ್ಲ ಮೊದಲು ತೀರಿಸಿ. ಮಾರನೆಯ ದಿನ ಎಲ್ಲ ತಂಡಗಳಿಗೂ ಒಂದೇ ದಿನದಲ್ಲಿ, ಹತ್ತು ಹನ್ನೆರಡು ಜನರ ಸಣ್ಣ ಗುಂಪುಗಳಲ್ಲಿ, ಅವರವರ ಮೇಲ್ವಿಚಾರಕರ ಬಾಯಲ್ಲೇ ವಿಷಯ ಹೇಳಿಸಿ. ಐನೂರು ಜನರ ಸಭೆಯಲ್ಲಿ ಯಾರೂ ತಮಗೆ ನಿಜವಾಗಿ ಬೇಕಾದ ಪ್ರಶ್ನೆ ಕೇಳುವುದಿಲ್ಲ.

ಎರಡೂ ಪದ್ಧತಿ ಸ್ವಲ್ಪ ಕಾಲ ಜೊತೆಯಲ್ಲಿ ನಡೆಯಲೇಬೇಕಾದ ಸಂದರ್ಭಗಳಿವೆ. ಸಂಬಳದ ಲೆಕ್ಕ ಅಂಥದ್ದು. ಎರಡು ತಿಂಗಳ ಸಂಬಳವನ್ನು ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕ ಹಾಕಿ, ಮೊತ್ತ ಹೊಂದದ ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಒಟ್ಟು ಮೊತ್ತ ಸರಿಹೋಯಿತೆಂದು ಬಿಟ್ಟರೆ, ಒಬ್ಬರಿಗೆ ಹೆಚ್ಚು ಇನ್ನೊಬ್ಬರಿಗೆ ಕಡಿಮೆ ಬಿದ್ದ ತಪ್ಪುಗಳು ಒಂದರ ಹಿಂದೊಂದು ಅಡಗಿಬಿಡುತ್ತವೆ. ಎಷ್ಟು ತಪ್ಪಿಗೆ ಹಿಂದಿನ ಪದ್ಧತಿಗೆ ಮರಳಬೇಕು, ಮರಳುವ ತೀರ್ಮಾನ ಯಾರದು ಎಂಬುದನ್ನು ಮೊದಲೇ ಬರೆದಿಡಿ. ರಾತ್ರಿ ಹನ್ನೆರಡಕ್ಕೆ ಗಣಕಯಂತ್ರ ಕೈಕೊಟ್ಟಾಗ ಆ ಚರ್ಚೆ ಶುರುವಾಗಬಾರದು. ವರ್ಷಾಂತ್ಯದ ಲೆಕ್ಕ, ಹೆಚ್ಚು ಬೇಡಿಕೆಯ ಕಾಲ, ಇವೆರಡರ ಹತ್ತಿರವಂತೂ ಬದಲಾವಣೆಯ ದಿನ ಇಟ್ಟುಕೊಳ್ಳಲೇಬೇಡಿ.

ಹೊಸ ಪದ್ಧತಿಯಲ್ಲಿ ಮೊದಲ ಕೆಲವು ವಾರ ಕೆಲಸ ನಿಧಾನವಾಗುವುದು ಸಹಜ. ಕೈ ಹಳೆಯ ದಾರಿಗೆ ಒಗ್ಗಿರುತ್ತದೆ. ಗುರಿಯನ್ನು ಆ ವಾರಗಳ ಮಟ್ಟಿಗೆ ಬಹಿರಂಗವಾಗಿ ಇಳಿಸಿ. ಸ್ವೀಡನ್ನಿನವರು ವೇಗಮಿತಿ ಇಳಿಸಿದ್ದೂ ಇದೇ ಕಾರಣಕ್ಕೆ. ಗುರಿ ಇಳಿಸದೆ ಒತ್ತಡ ಹಾಕಿದರೆ ಜನ ಗುರಿ ಮುಟ್ಟಲು ಹಳೆಯ ದಾರಿಯನ್ನೇ ಕದ್ದು ಬಳಸುತ್ತಾರೆ.

ಈ ಕದ್ದು ಬಳಸುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಉಗ್ರಾಣ ಎಂದಿಟ್ಟುಕೊಳ್ಳಿ. ದಾಸ್ತಾನು ಈಗ ಗಣಕಯಂತ್ರದಲ್ಲಿ. ಆದರೂ ಗುಮಾಸ್ತರ ಮೇಜಿನ ಸೆಳೆಖಾನೆಯಲ್ಲಿ ಹಳೆಯ ರಿಜಿಸ್ಟರ್ ಇದೆ, ದಿನವೂ ತುಂಬುತ್ತಿದೆ. ಅದನ್ನು ಕಿತ್ತುಕೊಂಡು ಬೈಯುವ ಮುಂಚೆ ಕೂತು ಓದಿ. ನೂರು ಪೆಟ್ಟಿಗೆಗೆ ಆರ್ಡರ್ ಕೊಟ್ಟಿದ್ದು, ಅರವತ್ತು ಬಂದಿದೆ. ಹೊಸ ಪರದೆಯಲ್ಲಿ ‘ಬಂದಿದೆ’, ‘ಬಂದಿಲ್ಲ’ ಎಂಬ ಎರಡೇ ಗುಂಡಿಗಳಿವೆ. ‘ಬಂದಿದೆ’ ಒತ್ತಿದರೆ ಲೆಕ್ಕಪತ್ರ ವಿಭಾಗ ನೂರಕ್ಕೂ ಹಣ ಕೊಡುತ್ತದೆ. ‘ಬಂದಿಲ್ಲ’ ಒತ್ತಿದರೆ ಕಣ್ಣೆದುರಿಗಿರುವ ಅರವತ್ತನ್ನು ಯಾರಿಗೂ ಕೊಡುವಂತಿಲ್ಲ. ಉಳಿದ ನಲವತ್ತರ ಲೆಕ್ಕ ಆ ರಿಜಿಸ್ಟರಿನಲ್ಲಿದೆ, ಸಂಸ್ಥೆಯ ಹಣ ಉಳಿದಿರುವುದೇ ಅದರಿಂದ. ಪರದೆಗೆ ‘ಎಷ್ಟು ಬಂದಿದೆ’ ಎಂಬ ಒಂದು ಅಂಕಣ ಸೇರಿಸಿದ ವಾರವೇ ರಿಜಿಸ್ಟರ್ ತಾನಾಗಿ ನಿಲ್ಲುತ್ತದೆ. ಇಂಥ ರಿಜಿಸ್ಟರುಗಳನ್ನು ಪಟ್ಟಿ ಮಾಡಲು ಪ್ರತಿ ವಿಭಾಗದಿಂದ ಒಬ್ಬರನ್ನು ನೇಮಿಸಿ, ವಾರಕ್ಕೊಮ್ಮೆ ಆ ಪಟ್ಟಿಯನ್ನು ಮುಖ್ಯಸ್ಥರೇ ಓದಬೇಕು.

ಹಿಂಜರಿಯುವವರಲ್ಲೂ ಮೂರು ಬಗೆ. ಏಕೆಂದು ತಿಳಿಯದವರಿಗೆ ವಿವರಣೆ ಸಾಕು. ಹೇಗೆಂದು ಬಾರದವರಿಗೆ ಪಕ್ಕದಲ್ಲಿ ಕೂತು ಕಲಿಸುವವರು ಬೇಕು, ಅರ್ಧ ದಿನದ ಭಾಷಣದಿಂದ ಅದು ಬರುವುದಿಲ್ಲ. ಮೂರನೆಯವರು ನಿಜವಾಗಿಯೂ ಏನನ್ನೋ ಕಳೆದುಕೊಳ್ಳುತ್ತಿರುವವರು: ಅಧಿಕಾರ, ಹೆಚ್ಚುವರಿ ಪಾಳಿಯ ದುಡ್ಡು, ಇಪ್ಪತ್ತು ವರ್ಷದ ಪರಿಣತಿಯ ಬೆಲೆ. ಇವರಿಗೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ. ನಷ್ಟ ಆಗುತ್ತದೆಂದು ಒಪ್ಪಿಕೊಂಡು, ಏನು ತುಂಬಿಕೊಡಬಹುದು, ಏನು ಆಗದು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು.

ಕಳೆದುಕೊಳ್ಳುವ ಭಯ ಕೆಳಗಿನವರಿಗಷ್ಟೇ ಇರುತ್ತದೆಂದು ತಿಳಿಯಬೇಡಿ. ಕ್ಯಾಮೆರಾ ಫಿಲ್ಮ್ ಮಾರುತ್ತಿದ್ದ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು ಅದಕ್ಕೆ 23 ಸೆಕೆಂಡ್ ಬೇಕಾಗುತ್ತಿತ್ತು. ತಂತ್ರಜ್ಞಾನ ಮನೆಯಲ್ಲೇ ಹುಟ್ಟಿತ್ತು, ಆದರೆ ಫಿಲ್ಮಿನ ಲಾಭ ಬಿಡುವುದು ಕಷ್ಟವಾಯಿತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಜಪಾನಿನ ಫ್ಯೂಜಿಫಿಲ್ಮ್ ಕಂಪನಿಗೂ ಫಿಲ್ಮೇ ಜೀವಾಳವಾಗಿತ್ತು. ಅವರು ಫಿಲ್ಮಿನಿಂದ ಕಲಿತ ರಸಾಯನ ವಿದ್ಯೆಯನ್ನು ಎಲ್‌ಸಿಡಿ ಪರದೆಗಳ ಹಾಳೆಗೂ, ಚರ್ಮದ ಆರೈಕೆಯ ವಸ್ತುಗಳಿಗೂ ತಿರುಗಿಸಿ ಉಳಿದುಕೊಂಡರು. ಹಾಗಾಗಿ ಮುಚ್ಚುವ ಕೆಲಸಗಳ ಪಟ್ಟಿ ಮಾಡುವಾಗ ಪಕ್ಕದಲ್ಲೇ ಇನ್ನೊಂದು ಅಂಕಣವಿರಲಿ: ಈ ಕೆಲಸ ಮಾಡುತ್ತಿದ್ದವರಿಗೆ ಏನೇನು ಗೊತ್ತು, ಅದು ಇನ್ನೆಲ್ಲಿ ಬೇಕಾಗಿದೆ.

ಬೆಂಕಿ, ಪ್ರವಾಹ, ಸೈಬರ್ ದಾಳಿಯಂಥ ದಿಢೀರ್ ಹೊಡೆತಕ್ಕೆ ಕ್ರಮ ಬೇರೆ. ಬೆಳಿಗ್ಗೆ ಸಂಜೆ ನಿಂತುಕೊಂಡೇ ಮುಗಿಸುವ ಹದಿನೈದು ನಿಮಿಷದ ಸಭೆ, ಎಲ್ಲ ತೀರ್ಮಾನಗಳಿಗೆ ವೇಳೆ ಸಮೇತ ಒಂದೇ ದಾಖಲೆ ಪುಸ್ತಕ, ಹೊರಗಿನವರೊಂದಿಗೆ ಮಾತಾಡಲು ಒಬ್ಬರೇ. ಸಂಕಟ ನೋಡಿಕೊಳ್ಳುವ ತಂಡ, ದಿನದ ವ್ಯವಹಾರ ನಡೆಸುವ ತಂಡ ಬೇರೆಬೇರೆ ಇರಲಿ. ಒಂದೇ ತಂಡ ಎರಡನ್ನೂ ಹೊತ್ತರೆ ಮೂರನೆಯ ದಿನಕ್ಕೆ ನಿದ್ದೆಗೆಟ್ಟವರು ತೀರ್ಮಾನ ಕೊಡುತ್ತಿರುತ್ತಾರೆ.

ಹೊಸದು ಶುರುವಾಗಿ ಮೂರು ತಿಂಗಳಾದ ಮೇಲೆ ಒಮ್ಮೆ ತಪಾಸಣೆ ಮಾಡಿ. ನಿಲ್ಲಿಸಿದ್ದೇವೆಂದು ಹೇಳಿದ ವರದಿಗಳನ್ನು ಯಾರಾದರೂ ಇನ್ನೂ ಕೇಳುತ್ತಿದ್ದಾರೆಯೇ ನೋಡಿ. ಬಹಳ ಸಲ ಕೇಳುತ್ತಿರುವವರು ಹಿರಿಯ ಅಧಿಕಾರಿಗಳೇ ಆಗಿರುತ್ತಾರೆ. ಅವರಿಗೆ ಬೇಕಾದ ಮಾಹಿತಿ ಹೊಸ ಪದ್ಧತಿಯಲ್ಲಿ ಎಲ್ಲಿ ಸಿಗುತ್ತದೆಂದು ತೋರಿಸಿಕೊಟ್ಟು, ಹಳೆಯ ನಮೂನೆಯನ್ನು ಅಂದೇ ರದ್ದುಮಾಡಿ.