ಬರೆಸಿ ಸ್ವಾಮಿ, ಬರೆಸಿ!

ನಮಸ್ಕಾರ. ಇವತ್ತು ಬೇರೆ ವಿಷಯಕ್ಕೆ ಟಿಪ್ಪಣಿ ಮಾಡಿಕೊಂಡಿದ್ದೆ. ಆದರೆ ಕಳೆದ ಕಂತಿನ ಕೆಳಗೆ ಒಬ್ಬರು ಬರೆದ ಒಂದು ಸಾಲು ಮೂರು ದಿನದಿಂದ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕಾಡುತ್ತಿದೆ. “ಮಾತನಾಡಿ ಏನಾಗುತ್ತದೆ ಸಾರ್? ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ.” ನನ್ನ ಇಡೀ ವಿಡಿಯೋಗಿಂತ ಹೆಚ್ಚು ಮೆಚ್ಚುಗೆ ಆ ಸಾಲಿಗೆ ಬಿದ್ದಿದೆ. ನನ್ನ ಸಿಟ್ಟಿನಲ್ಲಿ ಅದರ ಪಾಲೂ ಇದೆ ಎಂದು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ಕಳೆದ ಕಂತು ನೋಡದವರಿಗೆ ಕಥೆ ಇಷ್ಟು. ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಭೆಯಲ್ಲಿ, ಮನೆಗೆಲಸಕ್ಕೆ ಬರುವವರು ಲಿಫ್ಟ್ ಬಳಸಬಾರದು ಎಂಬ ಠರಾವು ಬಂತು. ನಾನು ಎದ್ದು ಇದು ಸರಿಯಲ್ಲ ಎಂದೆ. ಎರಡೇ ನಿಮಿಷ, ಒಂದೂ ಒರಟು ಮಾತಿಲ್ಲದೆ. ಕೈ ಎತ್ತಿಸಿದರು. ನನ್ನ ಕಡೆ ಎದ್ದದ್ದು ನನ್ನ ಕೈ ಮಾತ್ರ. ಸೋತೆ, ಆಯಿತು. ಮರುದಿನ ಕಾವಲುಗಾರರ ಮೇಜಿನ ಮೇಲಿದ್ದ ನಡಾವಳಿ ಪುಸ್ತಕ ತೆರೆದರೆ, ದಾರ ಕಟ್ಟಿದ ಬಾಲ್‌ಪೆನ್ನು, ಪುಟದ ಮೂಲೆಯಲ್ಲಿ ಚೌಚೌ ಬಾತಿನ ಎಣ್ಣೆ ಕಲೆ, ಅದರ ಪಕ್ಕದಲ್ಲೇ “ಸರ್ವಾನುಮತದಿಂದ ಅಂಗೀಕರಿಸಲಾಯಿತು”. ಸರ್ವಾನುಮತ! ಆ ಸರ್ವರಲ್ಲಿ ನಾನು ಸೇರುವುದಿಲ್ಲವೇ? ತಿಂಗಳ ನಿರ್ವಹಣಾ ಶುಲ್ಕ ಕೇಳುವಾಗ ಮಾತ್ರ ಸೇರುತ್ತೇನೆಯೇ?

ನಾನು ಹೇಳುವುದು ಒಂದೇ ಮಾತು. ಸೋಲಿರಿ, ಪರವಾಗಿಲ್ಲ. ಆದರೆ ಬರೆಸಿ. ನಿಮ್ಮ ಆಕ್ಷೇಪ ಪುಸ್ತಕದಲ್ಲಿ ಉಳಿಯಲಿ.

ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್ ಎಂಬವರೊಬ್ಬರಿದ್ದರು. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಚಳವಳಿಗೆ ಬಂದವರು, ಸಂವಿಧಾನ ರಚನಾ ಸಭೆಯ ಸದಸ್ಯರು. ತಿದ್ದುಪಡಿ ತರುವುದರಲ್ಲಿ ಎತ್ತಿದ ಕೈ, ಸೋಲುವುದರಲ್ಲೂ ಎತ್ತಿದ ಕೈ. ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ಹಟ ಹಿಡಿದು ಮತಕ್ಕೆ ಹಾಕಿಸಿದರು. 41ಕ್ಕೆ 68ರಿಂದ ಬಿದ್ದುಹೋಯಿತು. ದೇವರನ್ನೇ ಮತಕ್ಕೆ ನಿಲ್ಲಿಸಿ ಸೋತ ಮನುಷ್ಯ! ಆ ವಿಷಯದಲ್ಲಿ ನನ್ನ ಮತ ಅವರಿಗೆ ಬೀಳುತ್ತಿರಲಿಲ್ಲ, ಅದಿರಲಿ.

ಇನ್ನೊಂದು ಸೋಲಿನ ಕಥೆ ಕೇಳಿ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನೇ ಮುಚ್ಚಬಹುದು ಎಂಬ ವಿಧಿ 1949ರ ಆಗಸ್ಟ್‌ನಲ್ಲಿ ಚರ್ಚೆಗೆ ಬಂತು. ಕಾಮತ್ ಎದ್ದು, ಹಿಟ್ಲರ್‌ಗೆ ಮೊದಲಿನ ಜರ್ಮನಿಯ ವೈಮರ್ ಸಂವಿಧಾನದ ಇಂಥ ವಿಧಿಗಳನ್ನೇ ಹಿಟ್ಲರ್ ಬಳಸಿಕೊಂಡ ಎಂದು ನೆನಪಿಸಿದರು. ಯಾರೂ ಕಿವಿಗೊಡಲಿಲ್ಲ. ವಿಧಿ ಅಂಗೀಕಾರವಾದಾಗ, ಇದು ನಾಚಿಕೆಯ, ದುಃಖದ ದಿನ ಎಂದು ಹೇಳಿ ಕುಳಿತರು. ಆ ಮಾತು ಸಭೆಯ ನಡಾವಳಿಯಲ್ಲಿ ಅಚ್ಚಾಯಿತು. ಅಷ್ಟೇ ಅಲ್ಲ, ನವೆಂಬರ್ 25ರಂದು ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಈ ತಕರಾರಿನವರನ್ನು ಹೆಸರು ಹಿಡಿದು ನೆನೆದರು. ಮೊದಲ ಹೆಸರೇ ಕಾಮತ್. ಇವರ ಸಲಹೆಗಳನ್ನು ನಾನು ಒಪ್ಪಲಿಲ್ಲ, ಅದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಇವರಿಗೆ ಕೃತಜ್ಞ ಎಂಬರ್ಥದ ಮಾತು ಹೇಳಿದರು. ಗೆದ್ದವರು ಸೋತವರಿಗೆ ಹೇಳಿದ್ದು! ನಮ್ಮ ಕಾರ್ಯದರ್ಶಿ ಮಹಾಶಯರು ಕೇಳಿಸಿಕೊಳ್ಳಬೇಕು. ಅವರು ನನ್ನ ಚಾನೆಲ್ ನೋಡುತ್ತಾರೆ, ಚಂದಾದಾರರಾಗಿಲ್ಲ ಅಷ್ಟೇ. ನೀವಾದರೂ ಆಗಿ. ಗಂಟೆಯ ಗುರುತನ್ನೂ ಒತ್ತಿ.

ಆಮೇಲೆ? 1975ರ ಜೂನ್ 25, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕಾಮತ್ ಹೆದರಿದ್ದೇ ನಡೆಯಿತು. 1978ರಲ್ಲಿ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿ ಘೋಷಿಸಲು ಇದ್ದ “ಆಂತರಿಕ ಕ್ಷೋಭೆ” ಎಂಬ ಸಡಿಲ ನೆಪ ಹೋಗಿ “ಸಶಸ್ತ್ರ ದಂಗೆ” ಬಂತು. 20 ಮತ್ತು 21ನೇ ವಿಧಿಗಳ ಹಕ್ಕುಗಳಿಗೆ, ಅಂದರೆ ಅಪರಾಧ ಹೊರಿಸುವಾಗ ಸಿಗುವ ರಕ್ಷಣೆಗೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗೆ, ಇನ್ನು ಮುಂದೆ ಬೀಗ ಹಾಕುವಂತಿಲ್ಲ ಎಂದಾಯಿತು. ಆ ತಿದ್ದುಪಡಿ ಮಾಡಿದ ಲೋಕಸಭೆಯಲ್ಲಿ ಹೋಶಂಗಾಬಾದ್‌ನಿಂದ ಗೆದ್ದು ಬಂದಿದ್ದ, ಎಪ್ಪತ್ತು ದಾಟಿದ ಒಬ್ಬ ಸದಸ್ಯರಿದ್ದರು. ಯಾರು ಹೇಳಿ? ಅದೇ ಕಾಮತ್! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆಸಿದ ಮಾತು ಎಲ್ಲಿಗೂ ಹೋಗುವುದಿಲ್ಲ ಸ್ವಾಮಿ.

“ಇಪ್ಪತ್ತೊಂಬತ್ತು ವರ್ಷ ಕಾಯಬೇಕೇ?” ಎಂದು ಈಗ ಯಾರೋ ಟೈಪ್ ಮಾಡುತ್ತಿರುತ್ತೀರಿ. ತಡೆಯಿರಿ, ನಲವತ್ತೊಂದು ವರ್ಷ ಕಾದ ಕಥೆಯೂ ಇದೆ. 1976ರ ಏಪ್ರಿಲ್‌ನಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಒಬ್ಬರೇ, ಎಚ್.ಆರ್. ಖನ್ನಾ, ಒಪ್ಪಲಿಲ್ಲ. ಕೂಗಾಡಲಿಲ್ಲ, ಕಡತ ಎಸೆಯಲಿಲ್ಲ. ಕುಳಿತು ಭಿನ್ನ ತೀರ್ಪು ಬರೆದರು. ಮರುವರ್ಷ ಅವರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ರಾಜೀನಾಮೆ ಕೊಟ್ಟು ಮನೆಗೆ ಹೋದರು. 2012ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ, ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. 2017ರಲ್ಲಿ ಅದೇ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು, 1976ರ ತೀರ್ಪನ್ನೂ ಕಸದ ಬುಟ್ಟಿಗೆ ಹಾಕಿತು. ಆ ಮಾತನ್ನು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರು ಅವರ ಸ್ವಂತ ತಂದೆ! ಅಪ್ಪ ಬರೆದದ್ದನ್ನು ಮಗ ಹೊಡೆದುಹಾಕಿದ. ನಮ್ಮ ಮನೆಯಲ್ಲಿ ಟಿವಿ ರಿಮೋಟಿನ ವಿಚಾರದಲ್ಲಿ ಮಾತ್ರ ಹೀಗಾಗುತ್ತದೆ.

“ಸಭ್ಯವಾಗಿ ಮಾತನಾಡುವವರು ಪುಕ್ಕಲರು” ಎಂದು ಇನ್ನೊಬ್ಬರು ಬರೆದಿದ್ದಾರೆ. ಹೌದೇ? ಖನ್ನಾ ಪುಕ್ಕಲರೇ? ಸದನದಲ್ಲಿ ಬೈದರೆ ಏನಾಗುತ್ತದೆ ಗೊತ್ತೇ? ಸಭಾಧ್ಯಕ್ಷರು ಆ ಮಾತನ್ನು ಕಡತದಿಂದ ತೆಗೆಸುತ್ತಾರೆ. ಅಷ್ಟು ಗಂಟಲು ಹರಿದುಕೊಂಡದ್ದು ಯಾರಿಗೂ ಉಳಿಯುವುದಿಲ್ಲ. ನೆಟ್ಟಗೆ, ಮರ್ಯಾದೆಯಿಂದ ಹೇಳಿದ್ದನ್ನು ತೆಗೆಸಲು ಅವರಿಗೆ ನೆಪವೇ ಸಿಗುವುದಿಲ್ಲ. ಇದು ಪುಕ್ಕಲುತನವಲ್ಲ ಮಾರಾಯರೇ, ಲೆಕ್ಕಾಚಾರ! ಬರೆಸಿ!

“ಅವರೆಲ್ಲ ದೊಡ್ಡವರು, ನಾವು ಸಾಮಾನ್ಯರು” ಎಂಬ ರಾಗ ಬೇಡವೇ ಬೇಡ. ಗ್ರಾಮಸಭೆಯಲ್ಲಿ ಬರೆಸಿ. ಸಹಕಾರ ಸಂಘದಲ್ಲಿ ಬರೆಸಿ. ಶಾಲೆಯ ಪೋಷಕರ ಸಭೆಯಲ್ಲಿ ಬರೆಸಿ. ಪುಸ್ತಕ ಇಲ್ಲ ಎಂದರೆ ಒಂದು ತೆಗೆದುಕೊಟ್ಟು ಬರೆಸಿ. ಯಾಕೆ ಎಂದು ಕೇಳಬೇಡಿ, ಹೇಳಿ ಹೇಳಿ ಬಾಯಿ ನೋಯುತ್ತಿದೆ, ಬರೆಸಿ ಅಷ್ಟೇ! ಅಂದ ಹಾಗೆ “ಬರೆಸಿ” ಎಂದು ಅಚ್ಚು ಹಾಕಿಸಿದ ಕಾಫಿ ಲೋಟಗಳು ಬಂದಿವೆ, ಬೇಕಾದವರು ತಿಳಿಸಿ. ಬೇಡದವರು ಬೇಡ ಎಂದು ಬರೆದು ತಿಳಿಸಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮುಂದಿನ ಸಭೆ. ಲಿಫ್ಟಿನ ವಿಷಯ ಮತ್ತೆ ಎತ್ತುತ್ತೇನೆ. ಮತ್ತೆ ಸೋಲುತ್ತೇನೆ, ಅದು ಬೇರೆ ಮಾತು. ದಾರ ಕಟ್ಟಿದ ಆ ಪೆನ್ನಿನಲ್ಲಿ ಶಾಯಿ ಮುಗಿದಿದೆ ಎಂದು ಕಾರ್ಯದರ್ಶಿಗಳು ಹೇಳುವ ಸಂಭವವಿದೆ, ಆದ್ದರಿಂದ ನನ್ನದೇ ಎರಡು ಪೆನ್ನು ಜೇಬಿನಲ್ಲಿರುತ್ತವೆ. ಒಂಬತ್ತೂವರೆಗೇ ಹೋಗಿ ಕೂರಬೇಕು. ಕಳೆದ ಬಾರಿ ನನ್ನ ಆಕ್ಷೇಪ ಮುಗಿಯುವಷ್ಟರಲ್ಲಿ ಕೇಸರಿಬಾತ್ ಖಾಲಿಯಾಗಿ ಖಾರಾಬಾತ್ ಮಾತ್ರ ಉಳಿದಿತ್ತು.