ಸೇರಿಸಿದ ಕಡೆ ಗೆರೆ ಹೋಗುತ್ತೆ: ವೃತ್ತ ಮತ್ತೆ ಜೋಡು ಆಕೃತಿಗಳ ಲೆಕ್ಕ

ಎಲ್ಲರಿಗೂ ನಮಸ್ಕಾರ. ವೃತ್ತದ ಪರಿಧಿ ಎರಡು ಪೈ ಆರ್, ವಿಸ್ತೀರ್ಣ ಪೈ ಆರ್ ಸ್ಕ್ವೇರ್, ಆರ್ ಅಂದ್ರೆ ತ್ರಿಜ್ಯ, ಇವೆರಡೂ ನಿಮಗೆ ಬಾಯಿಪಾಠ ಬರುತ್ತೆ, ಅದನ್ನ ಮತ್ತೆ ಹೇಳೋಕೆ ನಾನು ಬಂದಿಲ್ಲ. ಆದ್ರೆ ಯಾವುದನ್ನ ಎಲ್ಲಿ ಹಾಕಬೇಕು ಅನ್ನೋದ್ರಲ್ಲಿ ತುಂಬಾ ಜನ ಎಡವ್ತಾರೆ, ಯಾಕಂದ್ರೆ ಆ ಸೂತ್ರ ಎಲ್ಲಿಂದ ಹುಟ್ಟಿತು ಅಂತ ಅವರಿಗೆ ಯಾರೂ ತೋರಿಸಿರಲ್ಲ.

ಪೈ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ವೃತ್ತ ಎಷ್ಟೇ ದೊಡ್ಡದಿರ್ಲಿ ಚಿಕ್ಕದಿರ್ಲಿ, ಪರಿಧಿನ ವ್ಯಾಸದಿಂದ ಭಾಗಿಸಿದ್ರೆ ಬರೋದು ಒಂದೇ ಸಂಖ್ಯೆ, ಅದೇ ಪೈ. 22/7 ಅದರ ಹತ್ತಿರದ ಬೆಲೆ ಅಷ್ಟೆ, ನಿಜವಾದ ಪೈಗಿಂತ ಚೂರು ಜಾಸ್ತಿ. 499ರಲ್ಲೇ ಆರ್ಯಭಟ 20000 ವ್ಯಾಸ ಇರೋ ವೃತ್ತಕ್ಕೆ ಪರಿಧಿ 62832 ಅಂತ ಬರೆದಿಟ್ಟ, ಅಂದ್ರೆ 3.1416, ಇದೂ ಹತ್ತಿರದ ಬೆಲೆನೇ ಅಂತ ಅವನೇ ಹೇಳಿದಾನೆ.

ಈಗ ವಿಸ್ತೀರ್ಣ. ಪೇಪರಲ್ಲಿ ಒಂದು ವೃತ್ತ ಕತ್ತರಿಸ್ಕೊಳ್ಳಿ, ಕೇಂದ್ರದಿಂದ ಅಂಚಿನವರೆಗೂ ಕತ್ತರಿಸ್ತಾ 16 ಸಮ ಹೋಳು ಮಾಡಿ, ಒಂದರ ಚೂಪು ತುದಿ ಮೇಲೆ ಪಕ್ಕದ್ದರ ಚೂಪು ತುದಿ ಕೆಳಗೆ ಬರೋ ಹಾಗೆ ಸಾಲಾಗಿ ಜೋಡಿಸಿ, ಹೆಚ್ಚುಕಮ್ಮಿ ಒಂದು ಆಯತ ಸಿಗುತ್ತೆ, ಹೋಳು ಸಣ್ಣ ಮಾಡಿದಷ್ಟೂ ಇನ್ನೂ ನೀಟಾಗಿ ಆಯತ ಆಗ್ತಾ ಹೋಗುತ್ತೆ. ಅದರ ಎತ್ತರ ತ್ರಿಜ್ಯ. ಉದ್ದ? ಪರಿಧಿಯ ಅರ್ಧ ಮೇಲೆ ಹೋಯ್ತು, ಅರ್ಧ ಕೆಳಗೆ ಬಂತು, ಹಾಗಾಗಿ ಉದ್ದ ಪೈ ಆರ್. ಅದನ್ನ ಆರ್‌ನಿಂದ ಗುಣಿಸಿ, ಪೈ ಆರ್ ಸ್ಕ್ವೇರ್ ಬಂದೇಬಿಡ್ತು. ಆರ್ಯಭಟ ಹೇಳಿದ್ದೂ ಇದನ್ನೇ, ಅರ್ಧ ಪರಿಧಿನ ಅರ್ಧ ವ್ಯಾಸದಿಂದ ಗುಣಿಸು ಅಂತ.

ಇಲ್ಲಿ ಒಂದು ನಿಮಿಷ ನಿಲ್ಲಿ. ವಿಸ್ತೀರ್ಣ ಒಂದು ಚೂರೂ ಬದಲಾಗ್ಲಿಲ್ಲ, ಅದೇ ಪೇಪರ್ ತಾನೆ. ಸುತ್ತಳತೆ ಮಾತ್ರ ಬದಲಾಯ್ತು, ಎಡಕ್ಕೊಂದು ಬಲಕ್ಕೊಂದು ತ್ರಿಜ್ಯ ಹೊಸದಾಗಿ ಅಂಚಿಗೆ ಬಂತು. ಕತ್ತರಿಸಿದ್ರೂ ಕೂಡಿಸಿದ್ರೂ ವಿಸ್ತೀರ್ಣ ಹಾಗೇ ಉಳಿಯುತ್ತೆ, ಸುತ್ತಳತೆ ಉಳಿಯಲ್ಲ. ಜೋಡು ಆಕೃತಿಗಳಲ್ಲಿ, ಅಂದ್ರೆ ಒಂದಕ್ಕಿಂತ ಹೆಚ್ಚು ಆಕೃತಿ ಸೇರಿಸಿ ಮಾಡಿದ್ದರಲ್ಲಿ, ಅರ್ಧ ತಪ್ಪು ಇದನ್ನ ಗಮನಿಸದೇ ಇರೋದ್ರಿಂದಾನೇ ಆಗೋದು.

ಸುಲಭದ್ದು ನೋಡಿ, ತ್ರಿಜ್ಯ 7 ಸೆಂಟಿಮೀಟರ್ ಇರೋ ಅರ್ಧವೃತ್ತ. ವೃತ್ತದ ಪರಿಧಿ 44, ಅದರ ಅರ್ಧ 22 ಅಂತ ಬರೆದು ಮುಂದೆ ಹೋಗ್ತಾರೆ, ಕೆಳಗಿರೋ ನೇರ ಗೆರೆ 14 ಇದೆಯಲ್ಲ, ಅದನ್ನ ಯಾರು ಎಣಿಸ್ಬೇಕು? ಸುತ್ತಳತೆ 36.

ಈಗ ಓಟದ ಮೈದಾನದ ಆಕಾರ ತಗೊಳ್ಳೋಣ, ಮಧ್ಯೆ 100 ಮೀಟರ್ ಉದ್ದ 70 ಮೀಟರ್ ಅಗಲದ ಆಯತ, ಎರಡೂ ತುದಿಗೆ ಒಂದೊಂದು ಅರ್ಧವೃತ್ತ. ವಿಸ್ತೀರ್ಣ ಕೂಡಿಸಿದ್ರೆ ಆಯ್ತು, ಆಯತ 7000, ಎರಡು ಅರ್ಧವೃತ್ತ ಸೇರಿ ತ್ರಿಜ್ಯ 35ರ ಒಂದು ಪೂರ್ತಿ ವೃತ್ತ 3850, ಒಟ್ಟು 10850 ಚದರ ಮೀಟರ್. ಸುತ್ತಳತೆಗೂ ಹಾಗೇ ಆಯತದ 340ಕ್ಕೆ ವೃತ್ತದ 220 ಕೂಡಿಸಿ 560 ಅಂದ್ರೆ ತಪ್ಪು. ಆ 70 ಮೀಟರ್ ಗೆರೆ ಎರಡೂ ಈಗ ಒಳಗಡೆ ಸೇರ್ಕೊಂಡಿವೆ, ಅಂಚಲ್ಲ. ಅಂಚಿನ ಮೇಲೆ ನಡ್ಕೊಂಡು ಒಂದು ರೌಂಡ್ ಬಂದ್ರೆ ಕಾಲಿಗೆ ಸಿಗೋದು ಎರಡು ನೇರ 100, ಎರಡು ಬಾಗಿದ 110, ಒಟ್ಟು 420.

ಅದೇ ಅರ್ಧವೃತ್ತಗಳನ್ನ ಹೊರಗೆ ಅಂಟಿಸೋ ಬದಲು ಆಯತದ ಒಳಗಿಂದ ಕೊರೆದು ತೆಗೆದುಬಿಡಿ. ವಿಸ್ತೀರ್ಣ 7000ದಲ್ಲಿ 3850 ಕಳೆದು 3150ಕ್ಕೆ ಇಳೀತು. ಸುತ್ತಳತೆ? ಮತ್ತೆ ಅದೇ 420! ನನಗೆ ಈ ಪಾಠದಲ್ಲಿ ತುಂಬಾ ಇಷ್ಟ ಆಗೋದು ಇದೇ.

ಮೈದಾನ ಹೇಗೂ ಬಿಡಿಸಿದೀವಿ, ಇನ್ನೊಂದು ಹೇಳ್ತೀನಿ. ಟ್ರ್ಯಾಕಲ್ಲಿ ಒಂದು ಲೇನ್ ಅಗಲ 1.22 ಮೀಟರ್. ಒಂದು ಲೇನ್ ಗೆರೆಯಿಂದ ಹೊರಗಿನ ಗೆರೆಗೆ ಹೋದ್ರೆ ನೇರ ಭಾಗ ಬದಲಾಗಲ್ಲ, ತ್ರಿಜ್ಯ ಮಾತ್ರ 1.22 ಜಾಸ್ತಿ ಆಗುತ್ತೆ, ಹಾಗಾಗಿ ಪೂರ್ತಿ ರೌಂಡಿಗೆ ಎರಡು ಪೈ ಇಂಟು 1.22, ಸುಮಾರು 7.67 ಮೀಟರ್ ಹೆಚ್ಚಾಗುತ್ತೆ. ಈ ಲೆಕ್ಕದಲ್ಲಿ 35 ಎಲ್ಲೂ ಬರಲೇ ಇಲ್ಲ ನೋಡಿ, ಮೈದಾನ ಇದರ ಹತ್ತರಷ್ಟು ದೊಡ್ಡದಿದ್ರೂ ಹೊರಗಿನ ಗೆರೆ ಉದ್ದ ಆಗೋದು ಅಷ್ಟೇ 7.67. ಅದಕ್ಕೇ 400 ಮೀಟರ್ ಓಟದಲ್ಲಿ ಹೊರಗಿನ ಲೇನಿನವರನ್ನ ಮುಂದೆ ಮುಂದೆ ನಿಲ್ಲಿಸೋದು.