ಕೊನೆಯ ಸ್ಥಾನ ಯಾರಿಗೆ? ಪ್ರಶಸ್ತಿ ಪಡೆದ ಚಿತ್ರಗಳನ್ನು ಗೆಳೆಯರು ಕ್ರಮವಾಗಿ ಜೋಡಿಸುವ ಬಗೆ

ಸಭೆಯಲ್ಲಿರುವ ಸಿನಿಮಾಸಕ್ತ ಮಿತ್ರರೆ,

ಅಮೆರಿಕದ ಚಲನಚಿತ್ರ ಅಕಾಡೆಮಿ ತನ್ನ ಮೊದಲ ಪ್ರಶಸ್ತಿಗಳನ್ನು ಪ್ರದಾನ ಮಾಡಿದ್ದು 1929ರ ಮೇ 16ರಂದು. ಅಂದಿನಿಂದ 2025ರ ಸಮಾರಂಭದವರೆಗೆ, ವರ್ಷದ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಮನ್ನಣೆ 97 ಚಿತ್ರಗಳಿಗೆ ಸಂದಿದೆ. ಈ ಚಿತ್ರಗಳನ್ನು, ಅಥವಾ ಇವುಗಳಲ್ಲಿ ತಾವು ನೋಡಿರುವಷ್ಟನ್ನು, ತೀರಾ ಕೆಟ್ಟದ್ದರಿಂದ ಆರಂಭಿಸಿ ಅತ್ಯುತ್ತಮವಾದುದರವರೆಗೆ ಸಾಲಾಗಿ ಜೋಡಿಸುವುದು ಸಿನಿಮಾ ಹುಚ್ಚಿರುವ ಗೆಳೆಯರ ಗುಂಪುಗಳಿಗೆ ಪ್ರಿಯವಾದ ಆಟ. ಆಟವೆಂದರೂ ಇದರೊಳಗೆ ವಿಮರ್ಶೆಗೆ ಸಂಬಂಧಿಸಿದ ಒಂದು ಗಟ್ಟಿ ಪ್ರಶ್ನೆ ಅಡಗಿದೆ. ನಾವು ಕೊನೆಯ ಸ್ಥಾನ ಕೊಡುತ್ತಿರುವುದು ಚಿತ್ರಕ್ಕೋ, ಅದಕ್ಕೆ ಪ್ರಶಸ್ತಿ ಕೊಟ್ಟವರ ತೀರ್ಪಿಗೋ? ಈ ಎರಡನ್ನೂ ಬೇರ್ಪಡಿಸದೆ ಮಾಡಿದ ಪಟ್ಟಿಗೆ ಬೆಲೆ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಪ್ರಶಸ್ತಿ ವಿಜೇತ ಚಿತ್ರಗಳನ್ನೇ ಆರಿಸಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಮೆಚ್ಚಿನ ಚಿತ್ರಗಳ ಪಟ್ಟಿ ಮಾಡಿ ಎಂದರೆ ಪ್ರತಿಯೊಬ್ಬರೂ ತಮಗೆ ಒಗ್ಗುವ ಚಿತ್ರಗಳನ್ನೇ ತರುತ್ತಾರೆ, ಉಳಿದವರು ಅವುಗಳನ್ನು ನೋಡಿಯೇ ಇರುವುದಿಲ್ಲ, ಚರ್ಚೆ ಶಿಫಾರಸುಗಳ ವಿನಿಮಯದಲ್ಲಿ ಮುಗಿದುಹೋಗುತ್ತದೆ. ಇಲ್ಲಿಯಾದರೋ ಚಿತ್ರಗಳನ್ನು ಆರಿಸಿದವರು ಬೇರೆಯವರು. ಸಂಗೀತಮಯ ಚಿತ್ರವನ್ನು ಸಹಿಸದವರೂ ಅವುಗಳ ಬಗ್ಗೆ ಕಾರಣ ಕೊಟ್ಟು ಮಾತನಾಡಬೇಕಾಗುತ್ತದೆ. ಯುದ್ಧದ ಚಿತ್ರವೆಂದರೆ ಮುಖ ತಿರುಗಿಸುವವರೂ ಒಂದೆರಡನ್ನಲ್ಲ, ಹಲವನ್ನು ನೋಡಬೇಕಾಗುತ್ತದೆ. ಕೆಳಗಿನಿಂದ ಆರಂಭಿಸುವುದೂ ಒಳ್ಳೆಯದೇ. ಮೇಲಿನ ಸ್ಥಾನಗಳಿಗೆ ‘ದಿ ಗಾಡ್‌ಫಾದರ್’, ‘ಕಾಸಾಬ್ಲಾಂಕಾ’ ಮುಂತಾದ ಹೆಸರುಗಳು ಯೋಚನೆಗಿಂತ ಮೊದಲೇ ಬಾಯಿಗೆ ಬರುತ್ತವೆ. ಕೆಳಗಿನ ಸ್ಥಾನಕ್ಕೆ ಅಂಥ ಸಿದ್ಧ ಉತ್ತರವಿಲ್ಲ, ಕಾರಣವನ್ನು ನಾವೇ ಹುಡುಕಿಕೊಳ್ಳಬೇಕು.

ಆದರೆ ತೊಡಕು ಶುರುವಾಗುವುದೂ ಅಲ್ಲಿಯೇ. 1941ರ ಚಿತ್ರಗಳ ಪೈಕಿ ಪ್ರಶಸ್ತಿ ಪಡೆದದ್ದು ಜಾನ್ ಫೋರ್ಡ್ ನಿರ್ದೇಶನದ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’. ಅದು ಸೋಲಿಸಿದ ಚಿತ್ರಗಳಲ್ಲಿ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಕೂಡ ಇತ್ತು. ಒಂಬತ್ತು ನಾಮನಿರ್ದೇಶನಗಳನ್ನು ಪಡೆದಿದ್ದ ‘ಕೇನ್’ಗೆ ಸಿಕ್ಕಿದ್ದು ಚಿತ್ರಕಥೆಯ ಪ್ರಶಸ್ತಿಯೊಂದೇ. ಮುಂದೆ 1962ರಿಂದ 2002ರವರೆಗೆ, ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸಿದ ವಿಮರ್ಶಕರ ಮತಗಣನೆಗಳಲ್ಲೆಲ್ಲ ‘ಕೇನ್’ ಮೊದಲ ಸ್ಥಾನದಲ್ಲಿತ್ತು. ಪರಿಣಾಮವಾಗಿ ಫೋರ್ಡ್‌ನ ಚಿತ್ರಕ್ಕೆ ‘ಕೇನ್ ಅನ್ನು ಸೋಲಿಸಿದ ಚಿತ್ರ’ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಗೆಳೆಯರ ಪಟ್ಟಿಗಳಲ್ಲಿ ಅದು ಕೆಳಗೆ ಬೀಳುವುದು ಬಹುಪಾಲು ಈ ಹಣೆಪಟ್ಟಿಯಿಂದ. ಚಿತ್ರವನ್ನು ಚಿತ್ರವಾಗಿಯೇ ನೋಡಿದರೆ ಕಾಣುವುದು ಬೇರೆ: ವೇಲ್ಸ್‌ನ ಕಲ್ಲಿದ್ದಲ ಕಣಿವೆಯ ಕುಟುಂಬವೊಂದರಲ್ಲಿ ಮುಷ್ಕರದ ಕಾರಣಕ್ಕೆ ತಂದೆಗೂ ಮಕ್ಕಳಿಗೂ ಬಿರುಕು ಮೂಡುವುದನ್ನು ಊಟದ ಮೇಜಿನ ಸುತ್ತಲೇ ತೋರಿಸುವ ಸಂಯಮ ಅದರಲ್ಲಿದೆ. ಪ್ರಶಸ್ತಿಯನ್ನು ‘ಕೇನ್’ಗೇ ಕೊಡಬೇಕಿತ್ತು ಎಂದು ನಾನೂ ವಾದಿಸಬಲ್ಲೆ. ಆದರೆ ಅದು 1942ರ ಆರಂಭದಲ್ಲಿ ಮತ ಹಾಕಿದವರೊಡನೆ ನಡೆಸಬೇಕಾದ ಜಗಳ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1952ರ ಚಿತ್ರಗಳಿಗೆ ಸಂದ ಪ್ರಶಸ್ತಿಯಲ್ಲಿ ಸೆಸಿಲ್ ಬಿ. ಡಿಮಿಲ್‌ನ ‘ದಿ ಗ್ರೇಟೆಸ್ಟ್ ಶೋ ಆನ್ ಅರ್ಥ್’ ಗೆದ್ದು ‘ಹೈ ನೂನ್’ ಸೋತಿತು. ‘ಸಿಂಗಿನ್ ಇನ್ ದಿ ರೇನ್’ ಅತ್ಯುತ್ತಮ ಚಿತ್ರದ ನಾಮನಿರ್ದೇಶನವನ್ನೂ ಪಡೆಯಲಿಲ್ಲ. ಇಲ್ಲಿ ಸೋತವರನ್ನೆಲ್ಲ ಮರೆತು ನೋಡಿದರೂ ಗೆದ್ದ ಚಿತ್ರ ಮೇಲೇರುವುದಿಲ್ಲ. ಸರ್ಕಸ್ಸಿನ ಮೆರವಣಿಗೆಗಳು ಕಥೆಯನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತವೆ. ಚಿತ್ರದುದ್ದಕ್ಕೂ ವಿದೂಷಕನ ಬಣ್ಣ ಹಚ್ಚಿಕೊಂಡೇ ಇರುವ ಜೇಮ್ಸ್ ಸ್ಟೀವರ್ಟ್ ಮತ್ತು ಕೊನೆಯ ಭಾಗದ ರೈಲು ಅಪಘಾತ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ಕಡಿಮೆ. ಈ ಚಿತ್ರಕ್ಕೆ ಕೆಳಗಿನ ಸ್ಥಾನ ಕೊಟ್ಟರೆ ನನ್ನ ತಕರಾರಿಲ್ಲ.

ಈ ಎರಡರ ನಡುವೆ ನಿಲ್ಲುವುದು 2005ರ ‘ಕ್ರ್ಯಾಶ್’. ಆ ವರ್ಷ ‘ಬ್ರೋಕ್‌ಬ್ಯಾಕ್ ಮೌಂಟನ್’ಗಾಗಿ ಆಂಗ್ ಲೀ ಅತ್ಯುತ್ತಮ ನಿರ್ದೇಶಕನಾದರೂ ಚಿತ್ರದ ಪ್ರಶಸ್ತಿ ‘ಕ್ರ್ಯಾಶ್’ ಪಾಲಾಯಿತು. ಆ ಸಿಟ್ಟು ಇಂದಿಗೂ ಆರಿಲ್ಲ. ಲಾಸ್ ಏಂಜಲೀಸ್ ನಗರದ ಜನಾಂಗದ್ವೇಷವನ್ನು ಹಲವು ಪಾತ್ರಗಳ ಆಕಸ್ಮಿಕ ಭೇಟಿಗಳ ಮೂಲಕ ಹೇಳಲು ಹೊರಟ ಈ ಚಿತ್ರದಲ್ಲಿ ಆಕಸ್ಮಿಕಗಳು ಅತಿಯಾಗಿವೆ, ಮಾತುಗಳು ಭಾಷಣದಂತಿವೆ ಎಂಬುದು ನಿಜ. ಇವು ಚಿತ್ರದ ದೋಷಗಳು. ಅದನ್ನು 97ರಲ್ಲಿ ಕಟ್ಟಕಡೆಗೆ ತಳ್ಳುವಷ್ಟು ಆವೇಶ ಮಾತ್ರ ಈ ದೋಷಗಳಿಂದ ಹುಟ್ಟಿದ್ದಲ್ಲ, ಅದು ಆ ರಾತ್ರಿಯ ಫಲಿತಾಂಶದಿಂದ ಬಂದದ್ದು.

ಕಾಲದ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಮೊದಲ ವರ್ಷ ಗೆದ್ದ ‘ವಿಂಗ್ಸ್’ ಮೂಕಿಚಿತ್ರ, ಮರುವರ್ಷ ಗೆದ್ದ ‘ದಿ ಬ್ರಾಡ್‌ವೇ ಮೆಲಡಿ’ ವಾಕ್ಚಿತ್ರ. ತಂತ್ರಜ್ಞಾನ ಮುಂದೆ ಹೋದಂತೆ ಚಿತ್ರವೂ ಉತ್ತಮವಾಗಬೇಕಲ್ಲವೇ ಎಂದು ಯಾರಾದರೂ ಕೇಳಿದರೆ, ಈ ಎರಡನ್ನೂ ಒಂದಾದ ಮೇಲೊಂದು ನೋಡುವಂತೆ ಹೇಳುತ್ತೇನೆ. ‘ವಿಂಗ್ಸ್’ನಲ್ಲಿ ನಟರು ನಿಜವಾಗಿಯೂ ವಿಮಾನದಲ್ಲಿ ಹಾರುತ್ತಿದ್ದಾರೆ, ಕ್ಯಾಮೆರಾ ಅವರೊಡನೆ ಆಕಾಶದಲ್ಲಿದೆ. ಧ್ವನಿಗ್ರಹಣ ಬಂದ ಆರಂಭದ ದಿನಗಳಲ್ಲಾದರೋ ಕ್ಯಾಮೆರಾದ ಸದ್ದು ಮೈಕಿಗೆ ಕೇಳಿಸದಿರಲೆಂದು ಅದನ್ನು ಮುಚ್ಚಿದ ಗೂಡಿನೊಳಗೆ ಇಡಬೇಕಾಗುತ್ತಿತ್ತು, ನಟರು ಮೈಕಿನಿಂದ ದೂರ ಸರಿಯುವಂತಿರಲಿಲ್ಲ. ಆ ಕಾಲದ ವಾಕ್ಚಿತ್ರಗಳ ಜಡತೆಗೆ ಇದು ದೊಡ್ಡ ಕಾರಣ. ‘ಬ್ರಾಡ್‌ವೇ ಮೆಲಡಿ’ ಇಂದು ಬೇಸರ ಹುಟ್ಟಿಸುತ್ತದೆ, ಹುಟ್ಟಿಸುವುದಿಲ್ಲವೆಂದು ನಟಿಸಬೇಕಿಲ್ಲ. ಆದರೆ ಕಟ್ಟಕಡೆಯ ಸ್ಥಾನವನ್ನು ಅಂಥ ಹಳೆಯ ಚಿತ್ರಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭದ ದಾರಿ, ಏಕೆಂದರೆ ಅದನ್ನು ಸಮರ್ಥಿಸಲು ಗುಂಪಿನಲ್ಲಿ ಯಾರೂ ಇರುವುದಿಲ್ಲ.

ಇನ್ನು ಪ್ರತಿಯೊಬ್ಬರ ಕ್ರಮವನ್ನು ಕೂಡಿಸಿ ಗುಂಪಿನ ಒಂದೇ ಪಟ್ಟಿ ಮಾಡುವುದು ಹೇಗೆ ಎಂಬ ವಿಷಯ. ಅಕಾಡೆಮಿ 2009ರ ಚಿತ್ರಗಳಿಂದೀಚೆಗೆ ಈ ಪ್ರಶಸ್ತಿಗೆ ಆದ್ಯತಾ ಮತ ಪದ್ಧತಿಯನ್ನು ಅನುಸರಿಸುತ್ತಿದೆ. ಸದಸ್ಯರು ಚಿತ್ರಗಳನ್ನು ಕ್ರಮವಾಗಿ ಗುರುತಿಸುತ್ತಾರೆ; ಅತ್ಯಂತ ಕಡಿಮೆ ಪ್ರಥಮ ಮತ ಪಡೆದ ಚಿತ್ರ ಹೊರಬೀಳುತ್ತದೆ, ಅದರ ಮತಗಳು ಆಯಾ ಮತಪತ್ರದ ಮುಂದಿನ ಆಯ್ಕೆಗೆ ಹೋಗುತ್ತವೆ, ಒಂದು ಚಿತ್ರ ಅರ್ಧಕ್ಕಿಂತ ಹೆಚ್ಚು ಮತ ಗಳಿಸುವವರೆಗೆ ಇದು ಮುಂದುವರಿಯುತ್ತದೆ. ಹೊರಬಿದ್ದ ಕ್ರಮವನ್ನೇ ಕೆಟ್ಟದ್ದರಿಂದ ಒಳ್ಳೆಯದರವರೆಗಿನ ಪಟ್ಟಿ ಎಂದುಕೊಳ್ಳುವ ಆಸೆ ಸಹಜ. ಆದರೆ ಎಲ್ಲರೂ ಎರಡನೆಯ ಸ್ಥಾನ ಕೊಟ್ಟ ಚಿತ್ರ, ಯಾರೂ ಪ್ರಥಮ ಸ್ಥಾನ ಕೊಡದಿದ್ದ ಕಾರಣಕ್ಕೆ, ಮೊದಲ ಸುತ್ತಿನಲ್ಲೇ ಹೊರಬೀಳಬಹುದು. ಐವರು ಗೆಳೆಯರು 97 ಚಿತ್ರಗಳಿಗೆ ಈ ಪದ್ಧತಿಯನ್ನು ಅನ್ವಯಿಸಿದರೆ ಕನಿಷ್ಠ 92 ಚಿತ್ರಗಳಿಗೆ ಪ್ರಥಮ ಮತವೇ ಇರುವುದಿಲ್ಲ. ಒಬ್ಬ ವಿಜೇತನನ್ನು ಆರಿಸಲು ಮಾಡಿದ ವಿಧಾನ ಇಡೀ ಸಾಲನ್ನು ಜೋಡಿಸಲು ಒದಗುವುದಿಲ್ಲ.

ಸ್ಥಾನಕ್ಕೆ ಅಂಕ ಕೊಟ್ಟು ಕೂಡಿಸುವ ವಿಧಾನ 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾನ ಹೆಸರಿನಲ್ಲಿದೆ. ಗೆಳೆಯರ ಗುಂಪಿಗೆ ಇದೇ ಸರಳ, ಆದರೂ ಇದು ಒಂದನ್ನು ಮುಚ್ಚಿಡುತ್ತದೆ. ಹತ್ತು ಚಿತ್ರಗಳ ಪಟ್ಟಿಯಲ್ಲಿ ಒಂದಕ್ಕೆ ಐವರಿಂದ 1, 1, 1, 10, 10 ಎಂಬ ಸ್ಥಾನಗಳು ಬಂದರೆ ಸರಾಸರಿ 4.6. ಇನ್ನೊಂದಕ್ಕೆ 4, 4, 5, 5, 5 ಬಂದರೂ ಸರಾಸರಿ ಅಷ್ಟೇ. ಜಗಳ ಹುಟ್ಟಿಸಿದ ಚಿತ್ರವೂ ಯಾರನ್ನೂ ಕಲಕದ ಚಿತ್ರವೂ ಪಕ್ಕಪಕ್ಕದಲ್ಲಿ ಕೂತುಬಿಡುತ್ತವೆ. ಎರಡೆರಡು ಚಿತ್ರಗಳನ್ನು ಮುಖಾಮುಖಿಯಾಗಿಸಿ ಬಹುಮತ ಕೇಳೋಣವೆಂದರೆ 1785ರಲ್ಲಿ ಫ್ರೆಂಚ್ ಚಿಂತಕ ಕೊಂಡಾರ್ಸೆ ತೋರಿಸಿದ ಸುಳಿ ಎದುರಾಗುತ್ತದೆ. ಮೂವರಲ್ಲಿ ಒಬ್ಬರ ಕ್ರಮ ‘ಕಾಸಾಬ್ಲಾಂಕಾ’, ‘ಗಾಡ್‌ಫಾದರ್’, ‘ಪ್ಯಾರಸೈಟ್’. ಎರಡನೆಯವರದು ‘ಗಾಡ್‌ಫಾದರ್’, ‘ಪ್ಯಾರಸೈಟ್’, ‘ಕಾಸಾಬ್ಲಾಂಕಾ’. ಮೂರನೆಯವರದು ‘ಪ್ಯಾರಸೈಟ್’, ‘ಕಾಸಾಬ್ಲಾಂಕಾ’, ‘ಗಾಡ್‌ಫಾದರ್’ ಎಂದಿರಲಿ. ಆಗ ‘ಕಾಸಾಬ್ಲಾಂಕಾ’ ‘ಗಾಡ್‌ಫಾದರ್’ ಅನ್ನು, ‘ಗಾಡ್‌ಫಾದರ್’ ‘ಪ್ಯಾರಸೈಟ್’ ಅನ್ನು, ‘ಪ್ಯಾರಸೈಟ್’ ಮತ್ತೆ ‘ಕಾಸಾಬ್ಲಾಂಕಾ’ವನ್ನು ಎರಡಕ್ಕೆ ಒಂದು ಮತದಿಂದ ಸೋಲಿಸುತ್ತದೆ. ಯಾರೂ ತಪ್ಪು ಮಾಡಿಲ್ಲ, ಆದರೂ ಗುಂಪಿಗೆ ಒಂದು ಕ್ರಮವಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಎಲ್ಲರೂ ನೋಡಿರುವ ಚಿತ್ರಗಳನ್ನು ಮಾತ್ರ ಪಟ್ಟಿಗೆ ಸೇರಿಸಿ ಬೋರ್ಡಾನ ರೀತಿಯಲ್ಲಿ ಅಂಕ ಕೂಡಿಸಿ. ಪ್ರತಿ ಚಿತ್ರದ ಎದುರು ಸರಾಸರಿಯ ಜೊತೆಗೆ ಅದಕ್ಕೆ ಸಿಕ್ಕ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ಥಾನಗಳನ್ನೂ ಬರೆಯಿರಿ. ಈ ಎರಡರ ಅಂತರ ದೊಡ್ಡದಾಗಿರುವ ಚಿತ್ರಗಳನ್ನು ಆರಿಸಿ, ಅವುಗಳಿಗೆ ತೀರಾ ಕೆಳಗಿನ ಸ್ಥಾನ ಕೊಟ್ಟವರು ಮೊದಲು ಮಾತನಾಡಲಿ. ಆ ವರ್ಷ ಯಾವ ಚಿತ್ರ ಸೋತಿತು ಎಂಬುದನ್ನು ಹೇಳದೆಯೇ ತಮ್ಮ ಕಾರಣವನ್ನು ಮಂಡಿಸಬೇಕೆಂಬ ಷರತ್ತು ಇರಲಿ. ಅದಕ್ಕೆ ಒಪ್ಪಿದ ಮೇಲೂ ‘ಕ್ರ್ಯಾಶ್’ ಕೊನೆಯಲ್ಲೇ ಉಳಿದರೆ, ಅದು ಆ ಸ್ಥಾನವನ್ನು ತಾನೇ ಗಳಿಸಿಕೊಂಡಿದೆ ಎಂದು ನಾನು ಒಪ್ಪುತ್ತೇನೆ.